ಅಂಥವ್ರ ತಲ್ಯಾಗ ಏನೈತಿ ಅಂತ ಓದೂದು ಯಾಕ ಬೇಕು?

ಇಂಡಿ_ಅಕ್ಕೋರು:
ಎಲ್ಲಾರಿಗೂ ನಮಸ್ಕಾರ. ಇಂಡಿ ತಾಲೂಕಿನ ಒಂದು ಹೈಸ್ಕೂಲಿನಾಗ ವಿಜ್ಞಾನ ಕಲಿಸ್ತೀನಿ. ಯಾವ ಶಾಲಿ ಅಂತ ಕೇಳಬ್ಯಾಡ್ರಿ. ಹ್ವಾದ ಶನಿವಾರ ಪಾಲಕರ ಸಭಾ ಇತ್ತು. ಮೊಬೈಲಿನಾಗ ಮಕ್ಕಳಿಗೆ ಲೈಂಗಿಕ ಉದ್ದೇಶದಿಂದ ಗಾಳ ಹಾಕಾವ್ರ ಬಗ್ಗೆ ನಾಕು ಮಾತು ಹೇಳ್ರಿ ಅಂತ ಹೆಡ್‌ಮಾಸ್ತರು ನನಗ ಹಚ್ಚಿದ್ರು. ಒಂದು ವಾರ ಕುಂತು ಓದಿಕೊಂಡು ಹೋಗಿದ್ದೆ. ಇಂಥಾ ಕೆಲಸ ಮಾಡಾವ್ರು ಯಾರು, ಹೆಂಗ ಮಾತಿಗೆ ಎಳೀತಾರ ಅಂತ ಹೊರದೇಶದಾಗ ಬಾಳ ವರ್ಷದಿಂದ ಸಂಶೋಧನಾ ನಡದೈತಿ ಅನ್ನೂದ್ರಾಗ ಹಿಂದಿನ ಸಾಲಿನಿಂದ ಒಬ್ಬ ತಂದಿ ಎದ್ದು ನಿಂತ್ರು. "ಅಕ್ಕೋರ, ಅಂಥವ್ರನ್ನ ಗಾಂಧಿ ಚೌಕದಾಗ ಕಂಬಕ್ಕ ಕಟ್ಟಬೇಕು. ಅವ್ರ ತಲ್ಯಾಗ ಏನೈತಿ ಅಂತ ಓದಾಕ ರೊಕ್ಕ ಯಾಕ ಹಾಳು ಮಾಡ್ತಾರ?" ಅರ್ಧ ಸಭಾ ಚಪ್ಪಾಳಿ ಬಡೀತು. ಖರೇ ಹೇಳ್ತೀನಿ, ನನಗ ಉತ್ತರ ಹೊಳೀಲಿಲ್ಲ.

ಇನ್ನೊಂದು ಐತಿ. ಬಿಸಿಯೂಟದ ಖಾಲಿ ಎಣ್ಣಿ ಡಬ್ಬಿಗೆ ಮ್ಯಾಲ ಸೀಳಿ ಒಂದು ಪ್ರಶ್ನಿ ಡಬ್ಬಿ ಮಾಡೀನಿ. ಹೆಸರು ಬರೀದ ಏನಾರ ಕೇಳ್ರಿ ಅಂತ. ಯಾವಾಗ್ಲೂ "ಉಲ್ಕೆ ಯಾಕ ಬೀಳ್ತಾವು", "ಪರೀಕ್ಷಾ ಮುಂದ ಹಾಕ್ರಿ" ಇಂಥಾವ ಇರ್ತಾವು. ಈ ಸಲ ಎಂಟು ಮಡಿಕಿ ಮಡಚಿದ್ದು ಒಂದು ಚೀಟಿ ಬಂತು. "ಗೇಮ್‌ನ್ಯಾಗ ಪರಿಚಯ ಆದ ಅಣ್ಣ ದಿನಾ ಮಾತಾಡ್ತಾನ, ರಿಚಾರ್ಜ್ ಹಾಕಸ್ಯಾನ. ಈಗ ಬ್ಯಾರೆ ಥರದ ಫೋಟೊ ಕೇಳಾಕತ್ತಾನ. ಮನ್ಯಾಗ ಹೇಳಿದ್ರ ಫೋನ್ ಕಸೀತಾರ." ಇಷ್ಟ.

ಎರಡೂ ದಿನ ನಿದ್ದಿ ಹತ್ತಿಲ್ಲ. ತಿಳದಾವ್ರು ಹೇಳ್ರಿ.

ದ್ರಾಕ್ಷಿ_ಪಡ:
ಆ ತಂದಿ ಹೇಳಿದ್ದು ನೂರಕ್ಕ ನೂರು ಖರೇ ಐತ್ರಿ. ನಾ ಆ ಸಭಾದಾಗ ಇದ್ದಿದ್ರ ಎರಡೂ ಕೈಲೇ ಚಪ್ಪಾಳಿ ಬಡೀತಿದ್ದೆ. ಬಳ್ಳಿಗೆ ರೋಗ ಬಂದ್ರ ಕಡದ ಸುಡ್ತೀವಿ, ಅದರ ಮನಸ್ಸಿನಾಗ ಏನೈತಿ ಅಂತ ಕೇಳ್ಕೊಂತ ಕೂಡೂದಿಲ್ಲ. ಇಂಥವ್ರಿಗೆ ಮನುಷ್ಯತ್ವ ಅನ್ನೂದು ಇರೂದಿಲ್ಲ. ಸಂಶೋಧನಾ ಗಿಂಶೋಧನಾ ಎಲ್ಲಾ ಎಸಿ ರೂಮಿನಾಗ ಕುಂತಾವ್ರ ಆಟ.

ತೊರವಿ_ಹುಡುಗಿ:
ಅಣ್ಣಾರ, ಬಳ್ಳಿಗೆ ರೋಗ ಬಂದ್ರ ಕಡೀತೀರಿ, ಒಪ್ಪೀನಿ. ಆದ್ರ ದವಣಿ ರೋಗ ಯಾವ ಹವಾದಾಗ ಬರ್ತೈತಿ, ಎಲಿ ಅಡಿ ಮೊದಲು ಹೆಂಗ ಕಾಣಸ್ತೈತಿ ಅಂತ ಯಾರೋ ಕುಂತು ನೋಡಿದ್ದಕ್ಕ ನೀವು ರೋಗ ಬರೂಕಿಂತ ಮೊದಲ ಔಷಧ ಹೊಡೀತೀರಿ ಹೌದಿಲ್ಲೊ? ನಾ ಮನಃಶಾಸ್ತ್ರ ಓದಾಕತ್ತೀನಿ, ಇದ ವಿಷಯದ ಮ್ಯಾಲ ಪ್ರಬಂಧ ಬರದೀನಿ. ದವಣಿ ಮ್ಯಾಲ ಸಂಶೋಧನಾ ಮಾಡಾವ ದವಣಿ ಕಡೆಯಾಂವ ಆಗೂದಿಲ್ಲ.

ದ್ರಾಕ್ಷಿ_ಪಡ:
ಮಾತು ಚೆಂದ ಆಡ್ತೀಯವ್ವಾ. ಆದ್ರ ಓದಿ ಏನು ಸಿಕ್ತು ಅದನ್ನ ಹೇಳು.

ವಕೀಲ_ಜಲನಗರ:
ಚರ್ಚೆ ಮುಂದೆ ಹೋಗುವ ಮೊದಲು ಅಕ್ಕೋರಿಗೆ ಒಂದು ಮಾತು. ಆ ಚೀಟಿಯನ್ನು ಇಲ್ಲಿ ಬರೆದು ಕುಳಿತುಕೊಳ್ಳುವ ವಿಷಯವಲ್ಲ ಅದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಅಪರಾಧ ನಡೆದಿದೆ ಎಂದು ತಿಳಿದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕ ಇರುವವರೂ ಪೊಲೀಸರಿಗೆ ತಿಳಿಸಲೇಬೇಕು. ನಡೆದದ್ದು ಗೊತ್ತಿದ್ದೂ ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷ. ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ಫೋನಿನಲ್ಲಿ ಸಂಪರ್ಕಿಸುವುದೇ 11ನೇ ಕಲಮಿನಲ್ಲಿ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ. ಐಟಿ ಕಾಯ್ದೆಯ 67ಬಿ ಬೇರೆ ಇದೆ, ಐದು ವರ್ಷ. ಫೋಟೊ ಕೈ ಸೇರುವವರೆಗೆ ಕಾಯಬೇಕಿಲ್ಲ. ಸೋಮವಾರದವರೆಗೂ ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ.

ಇಂಡಿ_ಅಕ್ಕೋರು:
ವಕೀಲ್ ಸಾಹೇಬ್ರ, ಅಲ್ಲೇ ಕುತ್ತಿಗಿಗೆ ಬಂದೈತಿ. ಚೀಟಿ ಮ್ಯಾಲ ಹೆಸರಿಲ್ಲ. ಆದ್ರ ದಿನಾ ನೋಟ್‌ಬುಕ್ ತಿದ್ದಾಕಿಗೆ ಅಕ್ಷರ ಗೊತ್ತಾಗೂದಿಲ್ಲೇನ್ರಿ? 'ಣ' ಬರಿಯೂ ರೀತಿ ನೋಡಿದ ಕೂಡ್ಲೇ ಗೊತ್ತಾತು. ಡಬ್ಬಿ ಇಟ್ಟ ದಿನ ಮಕ್ಕಳಿಗೆ ಮಾತು ಕೊಟ್ಟೀನಿ, "ಯಾರ ಅಕ್ಷರ ಅಂತ ನಾ ನೋಡೂದಿಲ್ಲ, ಯಾರಿಗೂ ಹೇಳೂದಿಲ್ಲ" ಅಂತ. ಆ ಮಾತು ನಂಬಿ ಹಾಕಿದ ಚೀಟಿ ಅದು. ಮುರದ್ರ ಈ ಡಬ್ಬಿಗೆ ಮತ್ತ ಯಾವ ಮಗು ಚೀಟಿ ಹಾಕ್ತೈತಿ?

ವಕೀಲ_ಜಲನಗರ:
ಕಾನೂನಿನ ಮುಂದೆ ಆ ಮಾತು ನಿಲ್ಲುವುದಿಲ್ಲ. ಕಟುವಾಗಿ ಹೇಳುತ್ತಿದ್ದೇನೆ, ಕ್ಷಮಿಸಿ.

ನಿರ್ವಾಹಕ:
ಅಕ್ಕೋರ ಮೊದಲ ಬರಹದಾಗ ಮಗು ಯಾವ ತರಗತಿ, ಹುಡುಗನೋ ಹುಡುಗಿಯೋ ಅನ್ನೂದಿತ್ತು. ತಗದೀನಿ. ಇನ್ನ ಮುಂದ ಯಾರೂ ಊಹಾ ಮಾಡಬಾರದು. ಮಗುವಿನ ಗುರುತು ಸಿಗೂ ಹಂಗ ಬರೆಯೂದು ಪೋಕ್ಸೊದಾಗ ಬ್ಯಾರೇನ ಅಪರಾಧ ಐತಿ. ಗುಂಪು ಮುಚ್ಚಸ್ಕೊಳ್ಳಾಕ ನನಗ ಮನಸ್ಸಿಲ್ಲ.

ಮೊಬೈಲ್_ಅಂಗಡಿ_ಸಿಂದಗಿ:
ರಿಚಾರ್ಜ್ ಹಾಕಸ್ಯಾನ ಅನ್ನೂ ಮಾತು ಓದಿ ಮೈ ಜುಮ್ಮಂತು. ಎರಡು ವರ್ಷದ ಹಿಂದ ನನ್ನ ಅಂಗಡಿಗೆ ಒಂಬತ್ತನೇ ಕ್ಲಾಸಿನ ಹುಡುಗ ಬಂದಿದ್ದ. "ಅಂಕಲ್, ರಿಚಾರ್ಜ್ ಬ್ಯಾಡ, ಆಗಲೇ ಆಗೇತಿ, ಯಾರು ಹಾಕ್ಯಾರ ಅಂತ ನೋಡಾಕ ಬರ್ತೈತೇನ್ರಿ?" ಅಂದ. ಬರೂದಿಲ್ಲ ಅಂದೆ. "ಇನ್ನ ಮ್ಯಾಲ ಹಾಕದಂಗ ಮಾಡಾಕ ಬರ್ತೈತೇನ್ರಿ?" ಅಂದ. ನಾ ನಕ್ಕುಬಿಟ್ಟೆ. ಪುಕ್ಸಟ್ಟೆ ಬರೂ ರಿಚಾರ್ಜ್ ಬ್ಯಾಡ ಅನ್ನಾವನ್ನ ಮೊದಲು ನೋಡಾಕತ್ತೀನಿ ನೋಡು ಅಂದೆ. ಅಂವ ಏನೂ ಮಾತಾಡಲಿಲ್ಲ. ಕೌಂಟರ್ ಮ್ಯಾಲಿನ ಸ್ಟಿಕ್ಕರ್ ಉಗುರಿಲೆ ಕೆರಕೊಂತ ಹೊತ್ತು ನಿಂತಿದ್ದು ಹೋದ. ಆ ಸ್ಟಿಕ್ಕರ್ ಅರ್ಧ ಹರದದ್ದು ಇನ್ನೂ ಐತಿ. ಇವತ್ತು ಅಕ್ಕೋರ ಚೀಟಿ ಓದಿ ಅಂವ ಏನು ಕೇಳಾಕ ಬಂದಿದ್ದ ಅಂತ ತಿಳೀತು.

ತೊರವಿ_ಹುಡುಗಿ:
ಪಡದ ಅಣ್ಣಾರು ಕೇಳಿದ್ರಲ್ಲ, ಓದಿ ಏನು ಸಿಕ್ತು ಅಂತ. ಈ ಅಂಗಡಿ ಅಣ್ಣಾರು ಹೇಳಿದ್ದ ಸಿಕ್ಕಿದ್ದು. ಅಮೆರಿಕಾದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಾಗ ಡೇವಿಡ್ ಫಿಂಕೆಲ್‌ಹಾರ್, ಜಾನಿಸ್ ವೋಲಾಕ್ ಅನ್ನಾವ್ರ ತಂಡ ಪೊಲೀಸ್ ಪ್ರಕರಣಗಳನ್ನ ಹಿಡದು ಕುಂತು ನೋಡಿದ್ರು. ಎಲ್ಲಾರೂ ತಿಳಕೊಂಡಿದ್ದೇನು? ಮುದುಕ ಒಬ್ಬ ಹುಡುಗನ ವೇಷ ಹಾಕ್ಕೊಂಡು ಮಕ್ಕಳನ್ನ ಮೋಸ ಮಾಡ್ತಾನ ಅಂತ. ಅವ್ರಿಗೆ ಸಿಕ್ಕಿದ್ದು ಬ್ಯಾರೆ. ಹದಿಹರೆಯದಾಂವ ಅಂತ ಸುಳ್ಳು ಹೇಳಿದಾವ್ರು ನೂರಕ್ಕ ಬರೇ 5. ಹೆಚ್ಚಿನಾವ್ರು ನಾ ದೊಡ್ಡಾಂವ ಅಂತ ಹೇಳೇ ಮಾತಿಗೆ ಇಳೀತಿದ್ರು. ವಾರಗಟ್ಟಲೆ, ತಿಂಗಳಗಟ್ಟಲೆ ಮಾತು. ಹೊಗಳಿಕಿ, ಸಣ್ಣ ಉಡುಗೊರಿ, "ನಿಮ್ಮನ್ಯಾಗ ನಿನ್ನ ಯಾರೂ ತಿಳ್ಕೊಳ್ಳೂದಿಲ್ಲ, ನಾ ಅದೀನಿ" ಅನ್ನೂದು. ಕಡೀಗೆ ಗುಟ್ಟು.

ಅಂದ್ರ "ಗುರುತಿಲ್ಲದಾವ್ರ ಜೋಡಿ ಮಾತಾಡಬ್ಯಾಡ" ಅಂತ ಮಕ್ಕಳಿಗೆ ಹೇಳೂದು ಕೆಲಸಕ್ಕ ಬರೂದಿಲ್ಲ. ಮೂರು ತಿಂಗಳು ದಿನಾ ಮಾತಾಡಿದಾಂವ ಮಗುವಿನ ಲೆಕ್ಕದಾಗ ಗುರುತಿಲ್ಲದಾಂವ ಅಲ್ಲ, ಅಣ್ಣ. ಚೀಟಿಯಾಗ ಏನು ಬರದೈತಿ ನೋಡ್ರಿ.

ನಿವೃತ್ತ_ಜಮಾದಾರ:
ಮೂವತ್ತು ವರ್ಷ ಖಾಕಿ ಹಾಕ್ಕೊಂಡಾಂವ ನಾನು. ತಂಗಿ ಹೇಳೂದು ಖರೇ, ಆದ್ರ ಪೂರಾ ಅಲ್ಲ. ನಮ್ಮ ಠಾಣಾಕ್ಕ ಬಂದ ಪ್ರಕರಣದಾಗ ಆನ್‌ಲೈನ್ ಅಣ್ಣ ಕಡಿಮಿ. ಮಾವ, ಕಾಕಾ, ಮಗ್ಗಲ ಮನೀಯಾಂವ, ಟ್ಯೂಷನ್ನಿನಾಂವ. ದೇಶದ ಅಪರಾಧಗಳ ದಾಖಲೆ ಇಡೂ ಎನ್‌ಸಿಆರ್‌ಬಿ ಲೆಕ್ಕ ತಗದು ನೋಡ್ರಿ, ಪೋಕ್ಸೊದ ಅತ್ಯಾಚಾರ ಪ್ರಕರಣದಾಗ ನೂರಕ್ಕ 95ಕ್ಕಿಂತ ಹೆಚ್ಚು ಆರೋಪಿ ಮಗುವಿಗೆ ಗುರುತಿದ್ದಾಂವನ ಇರ್ತಾನ. ಫೋನಿಗೆ ಬೈಕೊಂತ ಕುಂತ್ರ ಪಡಸಾಲಿ ಮರೀತೀವಿ.

ಹುಡುಗರ ಪ್ರಕರಣ ನನ್ನ ಸರ್ವಿಸ್ಸಿನಾಗ ಎರಡೋ ಮೂರೋ. ಹುಡುಗರಿಗೆ ಇದು ಆಗೂದಿಲ್ಲ ಅಂತ ನಾನೂ ತಿಳಕೊಂಡಿದ್ದೆ.

ತೊರವಿ_ಹುಡುಗಿ:
ಜಮಾದಾರ ಕಾಕಾ, ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಾಗ 13 ರಾಜ್ಯದ 12,447 ಮಕ್ಕಳನ್ನ ಮಾತಾಡಿಸಿತ್ತು. ನಮ್ಮ ಕರ್ನಾಟಕ ಆ 13ರಾಗ ಇರಲಿಲ್ಲ, ಅದು ಬ್ಯಾರೆ ಮಾತು. ಒಂದಲ್ಲ ಒಂದು ಥರದ ಲೈಂಗಿಕ ಕಿರುಕುಳ ಆಗೇತಿ ಅಂದಾವ್ರು ನೂರಕ್ಕ 53. ಅವ್ರೊಳಗ ಅರ್ಧಕ್ಕಿಂತ ಹೆಚ್ಚು ಗಂಡು ಹುಡುಗರು. ಠಾಣಾಕ್ಕ ಬರಲಿಲ್ಲ ಅಂದ್ರ ಆಗಿಲ್ಲ ಅಂತಲ್ಲ.

ಈಗ ಪಡದ ಅಣ್ಣಾರಿಗೆ ಸಿಟ್ಟು ಬರೂ ಮಾತು ಹೇಳ್ತೀನಿ. ಕೆನಡಾದ ಮೈಕೆಲ್ ಸೀಟೊ ಮತ್ತು ಜೊತಿಯಾವ್ರು 2011ರಾಗ ಆಗಲೇ ಆಗಿದ್ದ ಅಧ್ಯಯನಗಳನ್ನೆಲ್ಲಾ ಕೂಡಿಸಿ ಲೆಕ್ಕ ಹಾಕಿದ್ರು. ಆನ್‌ಲೈನ್ ಅಪರಾಧದಾಗ, ಅದರಾಗೂ ಹೆಚ್ಚಾಗಿ ಮಕ್ಕಳ ಲೈಂಗಿಕ ಚಿತ್ರ ಇಟ್ಟುಕೊಂಡು ಸಿಕ್ಕಿಬಿದ್ದ 4,464 ಮಂದಿ. ಅದಕ್ಕೂ ಮೊದಲ ಮಗುವಿನ ಮ್ಯಾಲ ನೇರವಾಗಿ ಕೈ ಮಾಡಿದ, ಅಂದ್ರ ಲೈಂಗಿಕ ದೌರ್ಜನ್ಯ ಮಾಡಿದ ಅಪರಾಧ ಪೊಲೀಸ್ ದಾಖಲಾತಿಯಾಗ ಇದ್ದಾವ್ರು ನೂರಕ್ಕ 12. ಆದ್ರ ತಾವ ಬಾಯಿಬಿಟ್ಟು ಹೇಳಿದ್ದನ್ನ ಎಣಿಸಿದ ಆರು ಅಧ್ಯಯನದಾಗ ಅದು 55. ಇನ್ನ ಹಿಡದು ಬಿಟ್ಟ ಮ್ಯಾಲ ಒಂದೂವರಿಯಿಂದ ಆರು ವರ್ಷದೊಳಗ ಮತ್ತ ಮಗುವಿನ ಮ್ಯಾಲ ಕೈ ಮಾಡಿ ಸಿಕ್ಕಾವ್ರು ನೂರಕ್ಕ 2, ಮತ್ತ ಚಿತ್ರದ ಅಪರಾಧಕ್ಕ ಸಿಕ್ಕಾವ್ರು ಮೂರೂವರಿ ಹತ್ರ.

ದ್ರಾಕ್ಷಿ_ಪಡ:
ನೂರಕ್ಕ 55! ನಾ ಹೇಳಿದ್ದನ್ನ ನೀನ ಲೆಕ್ಕ ಸಮೇತ ಕೊಟ್ಟಿ. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಕೈ ಮಾಡ್ಯಾರ. ಇನ್ನ ಏನು ಓದ್ತೀಯವ್ವಾ?

ವಕೀಲ_ಜಲನಗರ:
ಅದೇ ಲೆಕ್ಕ ಹಿಡಿದು ನನ್ನ ಎದುರು ಪಕ್ಷದ ವಕೀಲರು "ನೂರಕ್ಕೆ 2 ಮಾತ್ರ ಸ್ವಾಮಿ, ಜಾಮೀನು ಕೊಡಿ" ಎನ್ನಬಹುದು. ಒಂದೇ ಅಧ್ಯಯನ, ಇಬ್ಬರಿಗೂ ಬೇಕಾದದ್ದು ಸಿಗುತ್ತದೆ.

ತೊರವಿ_ಹುಡುಗಿ:
ಅದಕ್ಕ ಎರಡೂ ಕೂಡಿಸಿ ಓದಬೇಕ್ರಿ. 55 ಅಂದ್ರ ಸಿಕ್ಕಿಬಿದ್ದಾಂವನ ಫೋನ್ ಅಷ್ಟ ತಗೊಂಡು ಸುಮ್ನ ಕೂಡಬ್ಯಾಡ್ರಿ, ಅವನ ಸುತ್ತ ಯಾವ ಮಕ್ಕಳು ಅದಾವು ಅಂತ ಹೋಗಿ ನೋಡ್ರಿ ಅಂತ. 2 ಅಂದ್ರ ಎಲ್ಲಾರೂ ಒಂದ ಥರದಾವ್ರಲ್ಲ, ಯಾರ ಮ್ಯಾಲ ಹೆಚ್ಚು ಕಣ್ಣಿಡಬೇಕು ಅಂತ ಆರಸಬಹುದು ಅಂತ. ಹಿಂದ ಅಪರಾಧ ಮಾಡಿದ್ದು, ಕುಡಿತ, ಮಕ್ಕಳ ಹತ್ರ ಹೋಗಾಕ ಇರೂ ಅವಕಾಶ, ಇವೆಲ್ಲಾ ಲೆಕ್ಕಕ್ಕ ಬರ್ತಾವು. ಆ 2 ಅನ್ನೂದು ಮತ್ತ ಸಿಕ್ಕಿಬಿದ್ದಾವ್ರ ಲೆಕ್ಕ ಅನ್ನೂದನ್ನೂ ಮರೀಬಾರದು. ಸಿಗದಾವ್ರು ಅದರಾಗ ಇಲ್ಲ.

ನಿವೃತ್ತ_ಜಮಾದಾರ:
ಇದು ಕೆಲಸದ ಮಾತು. ಠಾಣಾದಾಗ ಹತ್ತು ದೂರಿಗೆ ಇಬ್ಬರು ಪೇದೆ ಇರ್ತಾರ. ಯಾವ ಮನೀಗೆ ಮೊದಲು ಹೋಗಬೇಕು ಅನ್ನೂದ ದೊಡ್ಡ ಪ್ರಶ್ನಿ.

ದೂರು ಹೆಂಗ ಬರ್ತಾವು ಅಂತ ಗೊತ್ತಿರ್ಲಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಗೂಗಲ್ ಇಂಥಾ ಕಂಪನಿಗಳಾಗ ಮೊದಲ ಗೊತ್ತಿರೂ ಚಿತ್ರಕ್ಕ ಒಂದು ಬೆರಳಚ್ಚು ಇದ್ದಂಗ ಗುರುತು ಇರ್ತೈತಿ. 2009ರಾಗ ಮೈಕ್ರೋಸಾಫ್ಟಿನಾವ್ರು ಹುಟ್ಟಹಾಕಿದ್ದು, ಫೋಟೊಡಿಎನ್‌ಎ ಅಂತಾರ. ಅದಕ್ಕ ಹೊಂದಿದ್ದು ಯಾರಾರ ಹಾಕಿದ್ರ ಅಮೆರಿಕಾದ ಕಾಣೆಯಾದ ಮಕ್ಕಳ ಕೇಂದ್ರಕ್ಕ ಹೋಗ್ತೈತಿ. 2019ರಾಗ ಒಪ್ಪಂದ ಆದಾಗಿಂದ ಅಲ್ಲಿಂದ ದಿಲ್ಲಿ ಎನ್‌ಸಿಆರ್‌ಬಿಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ನಮ್ಮ ಜಿಲ್ಲಾದ ಸೈಬರ್ ಅಪರಾಧದ ಠಾಣಾಕ್ಕ. ವಿಜಯಪುರದ ಮೂಲ್ಯಾಗ ಕುಂತು ನಡುರಾತ್ರ್ಯಾಗ ಒತ್ತಿದ್ದು ಜಗತ್ತ ಸುತ್ತಿ ತಿರುಗಿ ವಿಜಯಪುರಕ್ಕ ಬರ್ತೈತಿ. "ನನ್ನ ಯಾರು ನೋಡ್ತಾರ" ಅನ್ನಾವ್ರು ಓದ್ಲಿ ಅಂತ ಬರದೀನಿ. 2022ರಾಗ ಜಗತ್ತಿನಾಗ ಆ ಕೇಂದ್ರಕ್ಕ ಬಂದ ವರದಿ 3 ಕೋಟಿ 20 ಲಕ್ಷ, ಅದರಾಗ ಭಾರತಕ್ಕ ಸೇರಿದ್ದು 56 ಲಕ್ಷ.

ದ್ರಾಕ್ಷಿ_ಪಡ:
56 ಲಕ್ಷ ನೀಚರು ಅದಾರ ನಮ್ಮ ದೇಶದಾಗ!

ತೊರವಿ_ಹುಡುಗಿ:
ಅಲ್ರಿ, ವರದಿ ಅಂದ್ರ ಮನುಷ್ಯಾರ ತಲಿ ಎಣಿಕಿ ಅಲ್ಲ. 2020ರ ಕಡೀಗೆ ಫೇಸ್‌ಬುಕ್‌ನಾವ್ರು ಎರಡು ತಿಂಗಳ ವರದಿ ತಗದು ನೋಡಿದ್ರು. ಅರ್ಧಕ್ಕಿಂತ ಹೆಚ್ಚು ಬರೇ ಆರು ವಿಡಿಯೊದ ಪ್ರತಿಗಳು. ಹಂಚಿದ 150 ಖಾತೆ ಹಿಡದು ನೋಡಿದಾಗ ನಾಕರಾಗ ಮೂರು ಮಂದಿ ಮಗುವಿಗೆ ಕೆಟ್ಟದ್ದು ಮಾಡೂ ಉದ್ದೇಶದಿಂದ ಹಂಚಿದ್ದಲ್ಲ ಅನ್ನಿಸ್ತಂತ. ಸಿಟ್ಟಿಗೆ ಹಂಚಿದ್ದು. "ಈ ನೀಚನ್ನ ಹಿಡಿಯೂ ತನಕಾ ಫಾರ್ವರ್ಡ್ ಮಾಡ್ರಿ" ಅಂತ. ಇಲ್ಲಾ ಕೆಟ್ಟ ಚೇಷ್ಟೆಗೆ.

ವಕೀಲ_ಜಲನಗರ:
ಉದ್ದೇಶ ಏನೇ ಇರಲಿ, ಅಂಥದ್ದನ್ನು ಹಂಚುವುದು ಅಪರಾಧವೇ. ದೂರು ಕೊಡುವುದಕ್ಕೆಂದು ಪೊಲೀಸರಿಗೆ ತೋರಿಸುವುದು ಬೇರೆ, ಗುಂಪಿಗೆ ಕಳಿಸುವುದು ಬೇರೆ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಬರೀ ಇಟ್ಟುಕೊಂಡು ನೋಡುವುದು ತಪ್ಪಲ್ಲ ಎಂದಿದ್ದ ಮದ್ರಾಸ್ ಹೈಕೋರ್ಟ್ ಆದೇಶವನ್ನು ತಳ್ಳಿಹಾಕಿತು. ಅದೇ ವರ್ಷ ಜುಲೈನಲ್ಲಿ ನಮ್ಮ ಹೈಕೋರ್ಟ್ ಕೂಡ ಮದ್ರಾಸ್ ಹೈಕೋರ್ಟಿನಂಥದ್ದೇ ಒಂದು ಆದೇಶ ಕೊಟ್ಟು ಕೆಲವೇ ದಿನಗಳಲ್ಲಿ ತಾನೇ ಹಿಂಪಡೆದಿತ್ತು. ಸುಪ್ರೀಂ ಕೋರ್ಟ್ ಹೇಳಿದ ಇನ್ನೊಂದು ಮಾತು ನನಗೆ ಹಿಡಿಸಿತು: ಅದನ್ನು ಮಕ್ಕಳ ಅಶ್ಲೀಲ ಚಿತ್ರ ಎಂದು ಕರೆಯಬೇಡಿ. ಅದು ಚಿತ್ರವಲ್ಲ, ಒಂದು ಮಗುವಿನ ಮೇಲೆ ನಡೆದ ದೌರ್ಜನ್ಯದ ದಾಖಲೆ.

(ಇಲ್ಲಿ ಮೂರು ತಾಸು ಯಾರೂ ಬರೆಯಲಿಲ್ಲ.)

ದ್ರಾಕ್ಷಿ_ಪಡ:
ಒಂದು ಮಾತು ಹೇಳೂದೈತಿ. ಔಷಧ ಹೊಡ್ಯಾಕ ಹೋಗಿದ್ದೆ, ಅಲ್ಲೇ ಕುಂತು ವಿಚಾರ ಮಾಡಿದೆ. ನಾಕು ವರ್ಷದ ಹಿಂದ ಅಂಥಾದ್ದೊಂದು ವಿಡಿಯೊ ನಮ್ಮ ದ್ರಾಕ್ಷಿ ಬೆಳೆಗಾರರ ಗುಂಪಿನಾಗ ಬಂತು. ಒಂದು ಸಣ್ಣ ಕೂಸಿಂದು. ಪೂರಾ ನೋಡಾಕ ಆಗಲಿಲ್ಲ. ಕಣ್ಣಾಗ ನೀರು ಬಂತು. ಆ ಸಿಟ್ಟಿನಾಗ "ಇಂವನ್ನ ಹುಡುಕಿ ಕಡೀರಿ" ಅಂತ ಬರದು ಆರು ಗುಂಪಿಗೆ ನಾನ ಕಳಿಸಿದ್ದೆ. ಒಳ್ಳೇದು ಮಾಡಿದೆ ಅಂತ ತಿಳಕೊಂಡಿದ್ದೆ. ಈಗ ವಕೀಲ್ರು ಹೇಳಿದ್ದು ಓದಿದ ಮ್ಯಾಲ ಆ ಕೂಸಿನ ಮಾರಿ ಆರು ಗುಂಪಿನ ಎಷ್ಟು ಮಂದಿ ನೋಡಿದ್ರೋ ಅಂತ ಲೆಕ್ಕ ಹಾಕಾಕತ್ತೀನಿ. ಒಂದೊಂದು ಗುಂಪಿನಾಗ ಇನ್ನೂರರ ಮ್ಯಾಲ.

ಮೊಬೈಲ್_ಅಂಗಡಿ_ಸಿಂದಗಿ:
ಹೇಳಿದ್ದು ದೊಡ್ಡ ಮಾತಾತು ಅಣ್ಣಾರ. ನಾವೆಲ್ಲಾ ಹಂಗ ಅದೀವಿ.

ಹೆಸರು_ಬ್ಯಾಡ:
ದಿನಾ ಬರೀ ಓದಿ ಹೋಗಾಕಿ ನಾನು. ಇವತ್ತು ಬರೀತೀನಿ.

ನನ್ನ ವಿಷಯದಾಗ ಅಂವ ಆನ್‌ಲೈನಿನಾಂವ ಅಲ್ಲ. ನಮ್ಮ ಪಡಸಾಲ್ಯಾಗ ಕುಂತು ಊಟ ಮಾಡಾಂವ. ನಮ್ಮವ್ವ ಅವಗ ಇನ್ನೊಂದು ರೊಟ್ಟಿ ಹಾಕ್ತಿದ್ಲು. ಏನಾತು ಅಂತ ಬರಿಯೂದಿಲ್ಲ.

ನಮ್ಮಪ್ಪ ಆ ತಂದಿಯಂಗ. ಪೇಪರ್‌ನ್ಯಾಗ ಇಂಥಾ ಸುದ್ದಿ ಬಂದ್ರ "ನನ್ನ ಕೈಯಾಗ ಸಿಕ್ರ ಕೊಡ್ಲಿ ತಗೊಂಡು ಕಡೀತೀನಿ" ಅಂತಿದ್ದ. ಮನಿ ಮಂದಿ ಎಲ್ಲಾ ಹೌದೌದು ಅಂತಿದ್ರು. ನಾ ಒಂಬತ್ತು ವರ್ಷದಾಕಿ. ನಾ ಹೇಳಿದ್ರ ಅಪ್ಪ ಕಡದೇ ಬಿಡ್ತಾನ, ಆಮ್ಯಾಲ ಅಪ್ಪನ್ನ ಪೊಲೀಸರು ಒಯ್ತಾರ, ನಮ್ಮ ಮನಿ ನನ್ನಿಂದ ಹಾಳಾಗ್ತೈತಿ ಅಂತ ನಂಬಿದ್ದೆ. ಅಪ್ಪ ಹೋಗೂ ತನಕಾ ಹೇಳಲಿಲ್ಲ. ಅಪ್ಪನ ಸಿಟ್ಟು ನನ್ನ ಮ್ಯಾಲಿನ ಮಾಯಾದಿಂದ ಬಂದದ್ದು ಅಂತ ಈಗ ತಿಳೀತೈತಿ. ಆಗ ನನ್ನ ಬಾಯಿಗೆ ಹಾಕಿದ ಕೀಲಿನ ಅದಾಗಿತ್ತು.

ಚಪ್ಪಾಳಿ ಬಡದ ಅರ್ಧ ಸಭಾದಾಗ ಎಷ್ಟು ಮಂದಿ ಮಕ್ಕಳು ಬಾಗಲ ಹೊರಗ ನಿಂತು ಕೇಳಾಕತ್ತಿದ್ದವು ಅಕ್ಕೋರ?

ಇಂಡಿ_ಅಕ್ಕೋರು:
ಬಾಳ ಇದ್ದವು ತಂಗಿ. ಕಿಟಕಿ ಸರಳು ಹಿಡಕೊಂಡು ನಿಂತಿದ್ದವು.

ವಕೀಲ_ಜಲನಗರ:
2019ರ ತಿದ್ದುಪಡಿಯಲ್ಲಿ ಅತಿ ಗಂಭೀರ ಪ್ರಕರಣಗಳಿಗೆ ಮರಣದಂಡನೆ ಸೇರಿಸಿದಾಗ ಮಕ್ಕಳ ಜೊತೆ ಕೆಲಸ ಮಾಡುವ ಅನೇಕರು ಹೇಳಿದ್ದು ಇದನ್ನೇ. ಆರೋಪಿ ಸ್ವಂತ ಮಾವನೋ ಕಾಕಾನೋ ಆಗಿದ್ದಾಗ ಗಲ್ಲು ಎಂಬ ಮಾತು ಕೇಳಿದ ಮನೆಯವರೇ ಮಗುವಿನ ಬಾಯಿ ಮುಚ್ಚಿಸುತ್ತಾರೆ. ಶಿಕ್ಷೆ ಬೇಡ ಎನ್ನುತ್ತಿಲ್ಲ. ನಾನೇ ಸಂತ್ರಸ್ತರ ಪರ ನಿಲ್ಲುವವನು.

ತೊರವಿ_ಹುಡುಗಿ:
ಅಕ್ಕಾ, ನೀವು ಬರದದ್ದಕ್ಕ ನನ್ನ ಹತ್ರ ಮಾತಿಲ್ಲ.

ಒಂದು ಉಳದೈತಿ, ಹೇಳಿ ಮುಗಸ್ತೀನಿ. ಬರ್ಲಿನ್ನಿನಾಗ ಶಾರಿಟೆ ಆಸ್ಪತ್ರೆಯಾವ್ರು 2005ರಿಂದ ಒಂದು ಕೆಲಸ ನಡಸ್ಯಾರ. ಮನಸ್ಸಿನಾಗ ಮಕ್ಕಳ ಕಡೆ ಸೆಳೆತ ಐತಿ, ಹಂಗ ಮಾಡಬಾರದು ಅಂತಲೂ ಗೊತ್ತೈತಿ ಅನ್ನಾವ್ರು ತಾವಾಗೇ ಬಂದು ಚಿಕಿತ್ಸೆ ತಗೋಬಹುದು. ಸೆಳೆತಕ್ಕ ನೀ ತಪ್ಪಿತಸ್ಥ ಅಲ್ಲ, ನೀ ಮಾಡೂ ಕೆಲಸಕ್ಕ ಮಾತ್ರ ನೀನ ಹೊಣೆ ಅಂತ ಅವ್ರ ಮಾತು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಾವ್ರು ಡಾರ್ಕ್‌ನೆಟ್‌ನ್ಯಾಗಿಂದ 160 ಮಂದಿನ್ನ ಸೇರಿಸಿ ಎಂಟು ವಾರ ಇಂಟರ್ನೆಟ್ ಮ್ಯಾಲ ಚಿಕಿತ್ಸೆ ಕೊಟ್ಟು ನೋಡಿದ್ರು, 2022ರಾಗ ಫಲಿತಾಂಶ ಬಂತು. ಹೆಸರಿಗಷ್ಟ ಚಿಕಿತ್ಸೆ ಕೊಟ್ಟ ಗುಂಪಿಗಿಂತ ಖರೇ ಚಿಕಿತ್ಸೆ ತಗೊಂಡಾವ್ರು ಅಂಥಾದ್ದನ್ನ ನೋಡೂ ಹೊತ್ತು ಹೆಚ್ಚು ಇಳೀತು. ಪೂರಾ ನಿಂತಿತು ಅಂತ ಅಲ್ಲ.

ನಿವೃತ್ತ_ಜಮಾದಾರ:
ನಮ್ಮಲ್ಲಿ ಇದು ನಡ್ಯಾಂಗಿಲ್ಲ ತಂಗಿ. ಯಾಂವ ಬಂದು ಹೇಳ್ತಾನ? ಹೇಳಿದ ಮರುದಿನ ಊರಿಗೆ ಗೊತ್ತಾಗ್ತೈತಿ.

ವಕೀಲ_ಜಲನಗರ:
ಕಾನೂನಿನ ತೊಡಕೂ ಇದೆ. ಜರ್ಮನಿಯಲ್ಲಿ ವೈದ್ಯರು ಗುಟ್ಟು ಕಾಯಬಹುದು. ನಮ್ಮ 19ನೇ ಕಲಮಿನಲ್ಲಿ ವೈದ್ಯರಿಗೂ ವಿನಾಯಿತಿ ಇಲ್ಲ. ಬರೀ ಮನಸ್ಸಿನ ಮಾತು ಹೇಳಿಕೊಂಡವನಿಗೆ ಸಲಹೆ ಕೊಡಬಹುದು. ಹಿಂದೆ ಮಾಡಿದ್ದೇನೆ ಎಂದರೆ ವೈದ್ಯರು ದೂರು ಕೊಡಬೇಕು. ಆ ಗೆರೆ ಹಾಗೇ ಇರಲಿ ಎನ್ನುವವನು ನಾನು. ಗುಟ್ಟು ಕಾಯುತ್ತಾ ಹೋದರೆ ಇನ್ನೊಂದು ಮನೆಯಲ್ಲಿ ಮಗು ಕುಳಿತಿರುತ್ತದೆ.

ತೊರವಿ_ಹುಡುಗಿ:
ನನಗ ಆ ಗೆರಿ ಬಗ್ಗೆ ಅನುಮಾನ ಐತಿ. ಆದ್ರ ಇವತ್ತು ಜಗಳ ಆಡಾಕ ಮನಸ್ಸಿಲ್ಲ, ಅಕ್ಕೋರ ಚೀಟಿ ಮೊದಲು.

ಹೆಸರು_ಬ್ಯಾಡ:
ಅಕ್ಕೋರ, ಮಾತು ಮುರೀರಿ. ಆದ್ರ ಮಗುವಿಗೆ ಹೇಳಿ ಮುರೀರಿ. ಅಕಡಿಂದ ಪೊಲೀಸರು ಬಂದ ಮ್ಯಾಲ ತಿಳಿಯೂದು ಬ್ಯಾಡ. "ನಿನ್ನ ಅಕ್ಷರ ನನಗ ಗೊತ್ತಾಗೇತಿ, ನಾ ಕೊಟ್ಟ ಮಾತು ತಪ್ಪಿತ್ತು, ಇಂಥಾದ್ದನ್ನ ಗುಟ್ಟು ಇಡಾಕ ನನಗ ಬರೂದಿಲ್ಲ" ಅಂತ ಮಾರಿ ನೋಡಿ ಹೇಳ್ರಿ. ತಪ್ಪು ನಿಂದಲ್ಲ ಅಂತ ಎರಡು ಸಲ ಹೇಳ್ರಿ. ಮೊದಲ ಸಲ ಕೇಳಸೂದಿಲ್ಲ.

ಮೊಬೈಲ್_ಅಂಗಡಿ_ಸಿಂದಗಿ:
ಅಂವನ ಜೋಡಿ ಆಡಿದ ಮಾತು ಯಾವುದೂ ಅಳಿಸಬ್ಯಾಡ್ರಿ. ಹೆದರಿ ಮಕ್ಕಳು ಎಲ್ಲಾ ಡಿಲೀಟ್ ಮಾಡ್ತಾವು, ಆಮ್ಯಾಲ ಸಾಕ್ಷಿ ಇರೂದಿಲ್ಲ. ಅಂವನ ಖಾತೆ ಹೆಸರು, ಗೇಮಿನ ಐಡಿ ಬರಕೊಂಡು ಇಡ್ರಿ. ಅಕಸ್ಮಾತ್ ಯಾವುದಾರ ಫೋಟೊ ಹೋಗಿದ್ರ 'ಟೇಕ್ ಇಟ್ ಡೌನ್' ಅಂತ ಒಂದು ವ್ಯವಸ್ಥಾ ಐತಿ, ಆ ಅಮೆರಿಕಾದ ಕೇಂದ್ರದ್ದ. ಫೋಟೊ ಯಾರಿಗೂ ಕಳಸೂದು ಬ್ಯಾಡ, ಅದರ ಬೆರಳಚ್ಚು ಅಷ್ಟ ಹೋಗ್ತೈತಿ, ಕೂಡಿಕೊಂಡ ಕಂಪನಿಗಳು ಅದು ಹರಿದಾಡದಂಗ ತಡೀತಾವು.

ನಿವೃತ್ತ_ಜಮಾದಾರ:
ಠಾಣಾಕ್ಕ ಕರಕೊಂಡು ಹೋಗೂದು ಬ್ಯಾಡ. ಮಗುವಿನ ಹೇಳಿಕಿ ಮನ್ಯಾಗ ಇಲ್ಲಾ ಮಗುವಿಗೆ ಬೇಕಾದ ಜಾಗಾದಾಗ ತಗೋಬೇಕು, ಆದಷ್ಟು ಮಟ್ಟಿಗೆ ಮಹಿಳಾ ಪಿಎಸ್‌ಐ, ಖಾಕಿ ಹಾಕ್ಕೊಂಡು ಬರಬಾರದು. ಹಾಕ್ಕೊಂಡು ಬಂದ್ರ ನೀವು ಗಟ್ಟಿಯಾಗಿ ಕೇಳ್ರಿ. ನಮ್ಮ ಮಂದಿಗೂ ಒಮ್ಮೊಮ್ಮೆ ನೆನಪು ಮಾಡಬೇಕಾಗ್ತೈತಿ.

ಇಂಡಿ_ಅಕ್ಕೋರು:
(ನಾಕನೇ ದಿನ)
ನಿರ್ವಾಹಕರಿಗೆ ಮೊದಲ ತೋರಿಸಿ ಬರೀತೀನಿ, ಗುರುತು ಸಿಗೂದೇನೂ ಇಲ್ಲ.

ಹೇಳಿದೆ. ಬೇವಿನ ಗಿಡದ ಕಟ್ಟಿ ಮ್ಯಾಲ ಕುಂತು. ಮಗು ನನ್ನ ಮಾರಿ ನೋಡ್ಲೇ ಇಲ್ಲ, ಚಪ್ಪಲ್ ಬೆರಳಿಲೆ ಮಣ್ಣಾಗ ಗೆರಿ ಎಳಕೊಂತ ಕುಂತಿತ್ತು. ಎರಡು ಸಲ ಹೇಳಿದೆ, ತಂಗಿ ಹೇಳಿದಂಗ. ಎರಡನೇ ಸಲಕ್ಕ ಗೆರಿ ನಿಂತಿತು. 1098ಕ್ಕ ಮಗು ಮಗ್ಗಲ ಇದ್ದಾಗನ ಕರೆ ಮಾಡಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಾವ್ರು ಬಂದ್ರು. ಮರುದಿನ ಚೂಡಿದಾರ ಹಾಕ್ಕೊಂಡ ಒಬ್ಬ ಪಿಎಸ್‌ಐ ಮೇಡಂ ಬಂದಿದ್ರು, ಮಗುವಿನ ಜೋಡಿ ಮೊದಲ ಅರ್ಧ ತಾಸು ಗೇಮಿನ ಬಗ್ಗೇನ ಮಾತಾಡಿದ್ರು. ಯಾವ ಫೋಟೊನೂ ಹೋಗಿಲ್ಲ. ದೂರು ದಾಖಲಾಗೇತಿ.

ಆದ್ರ ಒಂದು ಮಾತು ಹೊಟ್ಯಾಗ ಕುಂತೈತಿ. ಎಲ್ಲಾ ಮುಗದ ಮ್ಯಾಲ ಮಗು ಕೇಳಿದ್ದು ಒಂದ: "ಫೋನ್ ಕಸೀತಾರೇನ್ರಿ?" ಇಲ್ಲ ಅಂತ ಬಾಯಿ ತುದೀಗೆ ಬಂದಿತ್ತು. ಅಷ್ಟರಾಗ ಮೇಡಂ ಮೆಲ್ಲಕ ಹೇಳಿದ್ರು, ಸಾಕ್ಷಿ ಸಲುವಾಗಿ ಫೋನ್ ಪರೀಕ್ಷಾಕ್ಕ ಕಳಸಬೇಕಾಗ್ತೈತಿ, ಯಾವಾಗ ವಾಪಸ್ ಬರ್ತೈತಿ ಹೇಳಾಕ ಬರೂದಿಲ್ಲ ಅಂತ. ನಮ್ಮ ತಾಲೂಕಿನಾಗ ಎಷ್ಟೋ ಮಕ್ಕಳ ತಂದಿ ತಾಯಿ ದುಡ್ಯಾಕ ಹೊರಗ ಹೋಗಿರ್ತಾರ. ಅಜ್ಜಿ ಮನ್ಯಾಗ ಇರೂ ಆ ಒಂದ ಫೋನಿನಾಗ ರಾತ್ರಿ ಎಂಟಕ್ಕ ಅವ್ವನ ದನಿ ಬರ್ತೈತಿ. ಮಗು ಅಂಜಿದ್ದು ಗೇಮ್ ಹೋಗ್ತೈತಿ ಅಂತ ಅಲ್ಲ ಅಂತ ನನಗ ಅವತ್ತು ತಿಳೀತು.

ದ್ರಾಕ್ಷಿ_ಪಡ:
ಅಕ್ಕೋರ, ಆ ಆರು ಗುಂಪಿಗೂ ನಿನ್ನೆ ಬರದು ಹಾಕೀನಿ. ಯಾರ ಫೋನಿನಾಗ ಅದು ಇನ್ನೂ ಐತೋ ಅಳಿಸ್ರಿ ಅಂತ. ಇಬ್ಬರು ಬೈದ್ರು. ಬೈಲಿ.

ಮೊಬೈಲ್_ಅಂಗಡಿ_ಸಿಂದಗಿ:
ನನ್ನ ಹತ್ರ ಒಂದು ಹಳೇ ಕೀಪ್ಯಾಡ್ ಫೋನ್ ಐತ್ರಿ. ಹೊಸಾ ಬ್ಯಾಟರಿ ಹಾಕಿ ನಾಳಿ ಹನ್ನೊಂದರ ಇಂಡಿ ಬಸ್ಸಿನ ಕಂಡಕ್ಟರ್ ಕೈಯಾಗ ಕಳಸ್ತೀನಿ. ಮ್ಯಾಲ ಬರೇ 'ಅಕ್ಕೋರಿಗೆ' ಅಂತ ಬರದಿರ್ತೀನಿ. ಅಜ್ಜಿ ಹೆಸರಿನಾಗ ಒಂದು ಸಿಮ್ ಅಷ್ಟ ನೀವು ನೋಡ್ಕೊಳ್ರಿ. ರಾತ್ರಿ ಎಂಟರೊಳಗ ಚಾಲೂ ಆಗ್ತೈತಿ.